ಮಳೆಗಾಲದಲ್ಲಿ ಅವಸರಕ್ಕೆ ಮುಗಿಸಿದ ಮಿನಿಯೇಚರ್ ಸೈನ್ಯ, ಡಿಸ್‌ಪ್ಲೇ ಬೋರ್ಡ್: ದುಡ್ಡು ಕೊಡುವ ಮೊದಲು ಇದನ್ನು ಓದಿ

ಮಿನಿಯೇಚರ್ (ಪುಟ್ಟ ಬೊಂಬೆ ಸೈನಿಕರ) ಸೈನ್ಯವನ್ನೂ ಅದನ್ನು ನಿಲ್ಲಿಸುವ ಡಿಸ್‌ಪ್ಲೇ ಬೋರ್ಡನ್ನೂ ದುಡ್ಡು ಕೊಟ್ಟು ಮಾಡಿಸುವ ಯೋಚನೆಯಲ್ಲಿ ಇರುವವರಿಗೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕೈಗೆ ಬೇಕು ಅನ್ನುವವರಿಗೆ, ಈ ಎಚ್ಚರಿಕೆ. ನಾವು ಮಾಡಿಸಿದ್ದು ಸುಮಾರು 28 ಮಿ.ಮೀ. ಎತ್ತರದ ಸೈನಿಕರಿರುವ, ಟಿಪ್ಪುವಿನ ಕಾಲದ ಮೈಸೂರು ಸೈನ್ಯ, ಜೊತೆಗೆ ಎರಡಡಿಗೆ ಎರಡಡಿಯ ಶ್ರೀರಂಗಪಟ್ಟಣದ ಬೋರ್ಡ್. ಬ್ರಿಟಿಷರು ಕೋಟೆಗೆ ನುಗ್ಗಿದ 1799ರ ಮೇ 4ರ ಮಧ್ಯಾಹ್ನ, ಕೋಟೆಯ ವಾಯವ್ಯ ಮೂಲೆಯಲ್ಲಿ ತೋಪಿನೇಟಿಗೆ ಬಿದ್ದ ಕಂಡಿ, ಅದರ ಮುಂದೆ ಕಾವೇರಿ. ಬಂದ ದಿನ ಕಣ್ಣು ತುಂಬುವಂತಿತ್ತು. ಗಣೇಶನ ಹಬ್ಬದ ಹೊತ್ತಿಗೆ ಬೋರ್ಡ್ ಬಾಗಿತ್ತು, ನದಿ ಅಂಟಂಟಾಗಿತ್ತು, ಸೈನಿಕರ ಅಂಗಿಗಳು ಬೆಳ್ಳಗೆ ಮಂಕಾಗಿದ್ದವು. ಮಾಡಿಕೊಟ್ಟವರ ಹೆಸರು ಇಲ್ಲಿ ಬೇಡ. ಬಿಚ್ಚಿ ನೋಡಿದಾಗ ಒಳಗೆ ಏನೇನು ಕಂಡಿತು, ಅದು ಯಾಕೆ ಹಾಗಾಯಿತು ಅನ್ನುವುದಷ್ಟೇ ಮುಖ್ಯ. ಬೇರೆ ಬೇರೆಯಾಗಿ ಕಾಣುವ ಈ ತೊಂದರೆಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ಅವಸರ ಮತ್ತು ಮಳೆಗಾಲದ ತೇವ.

ಬೋರ್ಡಿನ ತಳ 3 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ). ಮೇಲೆ ಫೆವಿಕಾಲ್, ಪುಟ್ಟಿ, ಬಣ್ಣ ಎಲ್ಲ ಬಿದ್ದಿದೆ. ಕೆಳಭಾಗ ಮಾತ್ರ ಹಾಗೆಯೇ ಬೆತ್ತಲೆ. ಮೇಲಿನ ಫೆವಿಕಾಲ್ ಆರುತ್ತಾ ಕುಗ್ಗಿ ಹಲಗೆಯನ್ನು ಎಳೆಯುತ್ತದೆ. ಕೆಳಗಿನ ಎಂಡಿಎಫ್ ಗಾಳಿಯ ತೇವ ಹೀರಿ ಹಿಗ್ಗುತ್ತದೆ. ಎರಡೂ ಒಂದೇ ಕಡೆಗೆ ಬಾಗಿಸುವುದರಿಂದ ನಾಲ್ಕೂ ಮೂಲೆ ಮೇಲೆದ್ದು ಬೋರ್ಡ್ ತಟ್ಟೆಯ ಹಾಗೆ ಆಗುತ್ತದೆ. ಕೋಟೆಗೋಡೆಯ ಬುಡದಲ್ಲಿ ಉದ್ದಕ್ಕೆ ಸೀಳು ಬಿಟ್ಟದ್ದು ಇದರಿಂದಲೇ. ಬಾಗಿದ ಮೇಲೆ ಭಾರ ಹೇರಿ ಕೂರಿಸಿದರೆ ಒಂದಿಷ್ಟು ಇಳಿಯುತ್ತದೆ, ಭಾರ ತೆಗೆದರೆ ಮತ್ತೆ ಏಳುತ್ತದೆ. ಕೆಳಗಿನಿಂದ ಮರದ ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿದರೆ ಮಾತ್ರ ನಿಲ್ಲುತ್ತದೆ, ಅದೂ ಮೇಲಿನ ಪುಟ್ಟಿಯಲ್ಲಿ ಹೊಸ ಬಿರುಕು ಬಿಟ್ಟುಕೊಂಡು.

ಎರಡಡಿ ಚದರಕ್ಕೆ 12 ಮಿ.ಮೀ. ಪ್ಲೈವುಡ್ ಕೇಳಿ. ತೂಕ ಕಡಿಮೆ ಇರಬೇಕೆಂದರೆ 6 ಮಿ.ಮೀ. ಪ್ಲೈ, ಕೆಳಗೆ ಸುತ್ತಲೂ ಒಂದಿಂಚು ಎತ್ತರದ ಚೌಕಟ್ಟು, ನಡುವೆ ಅಡ್ಡಡ್ಡ ಎರಡು ಪಟ್ಟಿ. ಕೆಲಸ ಶುರುವಾಗುವ ಮೊದಲೇ ಎರಡೂ ಬದಿಗೆ, ಮರೆಯದೆ ನಾಲ್ಕೂ ಅಂಚಿಗೆ, ವುಡ್ ಪ್ರೈಮರ್ ಎರಡು ಕೋಟ್ ಬೀಳಬೇಕು. ಅಂಚಿಗೆ ಹಚ್ಚದಿದ್ದರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಗೋಡೆಯದು ಇನ್ನೂ ಬೇಸರದ ವಿಷಯ. ಕೋಟೆಗೋಡೆ, ಬತೇರಿ (ಬುರುಜು) ಎಲ್ಲ ಎಕ್ಸ್‌ಪಿಎಸ್ ಫೋಮ್‌ನಲ್ಲಿ ಕೆತ್ತಿದ್ದು. ಥರ್ಮಾಕೋಲ್‌ನ ಹಾಗೆ ಕಾಳುಕಾಳಾಗಿ ಉದುರುವುದಿಲ್ಲ, ಕಲ್ಲಿನ ಸಾಲುಗಳನ್ನು ಚೂಪಾಗಿ ಗೀರಬಹುದು, ಆ ಆಯ್ಕೆ ಸರಿಯಾದದ್ದೇ. ಆದರೆ ಎಕ್ಸ್‌ಪಿಎಸ್ ಆಗಲಿ ಥರ್ಮಾಕೋಲ್ ಆಗಲಿ, ಎರಡೂ ಪಾಲಿಸ್ಟೈರೀನ್. ಸ್ಪ್ರೇ ಪ್ರೈಮರ್ ಕ್ಯಾನಿನೊಳಗಿನ ದ್ರಾವಕ ತಾಗಿದರೆ ಕರಗುತ್ತವೆ. ಪ್ಲಾಸ್ಟಿಕ್ ಮಿನಿಯೇಚರ್ ಕೂಡ ಪಾಲಿಸ್ಟೈರೀನೇ ಆದರೂ ಅದು ಗಟ್ಟಿ. ತೆಳುವಾಗಿ ಹೊಡೆದ ಸ್ಪ್ರೇ ಅದನ್ನು ತಿನ್ನುವ ಮೊದಲೇ ಆರಿಹೋಗುತ್ತದೆ. ಫೋಮ್‌ನ ಗುಳ್ಳೆಗಳ ಗೋಡೆ ಕೂದಲಿಗಿಂತ ತೆಳು, ಅದಕ್ಕೆ ಅಷ್ಟು ಸಮಯವೂ ಬೇಕಿಲ್ಲ. ನಮ್ಮ ಬೋರ್ಡಿನಲ್ಲಿ ಫೆವಿಕಾಲ್ ಕೋಟ್ ಕೊಟ್ಟೇ ಸ್ಪ್ರೇ ಹೊಡೆದಿದ್ದರು. ಆದರೆ ಒಂದೇ ಕೋಟ್, ಕಲ್ಲಿನ ಸಂದುಗಳಿಗೆ ಅದು ಇಳಿದಿರಲಿಲ್ಲ. ಸಂದಿನಲ್ಲಿ ನುಗ್ಗಿದ ದ್ರಾವಕ ಒಳಗೊಳಗೇ ಪೊಳ್ಳು ಮಾಡಿತ್ತು. ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತಿತ್ತು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗೋಡೆ ಹಪ್ಪಳದಂತೆ ಮುರಿದು ಒಳಕ್ಕೆ ಹೋಯಿತು.

ಫೋಮ್‌ಗೆ ಮಾಡಬೇಕಾದದ್ದು ಇಷ್ಟು: ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಅಷ್ಟೇ ಪ್ರಮಾಣದ ಫೆವಿಕಾಲ್, ಬ್ರಷ್ ಓಡುವಷ್ಟು ನೀರು. ಮೊದಲ ಕೋಟನ್ನು ಗಟ್ಟಿ ಬ್ರಷ್‌ನಲ್ಲಿ ಸಂದಿಗಳಿಗೆ ತಿವಿದು ತುಂಬಬೇಕು, ಪೂರ್ತಿ ಆರಿದ ಮೇಲೆ ಎರಡನೆಯದು. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಬಿಟ್ಟುಹೋದ ಜಾಗ ಕಾಣುತ್ತದೆ. ಕಪ್ಪು ಬಣ್ಣ ಸೇರಿಸುವುದೇ ಅದಕ್ಕೆ. ಫೋಮ್‌ನ ಬಣ್ಣ ಎಲ್ಲಿ ಇಣುಕಿದರೂ ಅಲ್ಲಿ ಕೋಟ್ ಇಲ್ಲ ಎಂದರ್ಥ. ಇಷ್ಟಾದ ಮೇಲೆ ಸ್ಪ್ರೇ ಕ್ಯಾನಿನ ಅಗತ್ಯವೇ ಉಳಿಯುವುದಿಲ್ಲ, ಅದೇ ಕಪ್ಪಿನ ಮೇಲೆ ನೇರವಾಗಿ ಡ್ರೈಬ್ರಷ್ (ಹೆಚ್ಚುಕಡಿಮೆ ಒಣಗಿದ ಬ್ರಷ್ಷಿನಿಂದ ಉಬ್ಬುಗಳಿಗಷ್ಟೇ ಬಣ್ಣ ಸವರುವುದು) ಮಾಡಬಹುದು.

ಕೋಟೆಯ ದಿಬ್ಬವನ್ನು ಕೊಯ್ದಾಗ ಸಿಕ್ಕಿದ್ದನ್ನು ನೋಡಿ ಎಲ್ಲರೂ ಬೆಚ್ಚಿದೆವು. ಎರಡು ಫೋಮ್ ಹಾಳೆಗಳ ನಡುವೆ ಫೆವಿಕಾಲ್ ಇನ್ನೂ ಹಾಲಿನಷ್ಟು ಬೆಳ್ಳಗೆ, ಒದ್ದೆಯಾಗಿ ಇತ್ತು. ಅಂಚಿನಿಂದ ಒಂದಿಂಚು ಮಾತ್ರ ಆರಿತ್ತು. ಫೆವಿಕಾಲ್ ಆರುವುದು ಅದರೊಳಗಿನ ನೀರು ಹೊರಹೋದಾಗ. ಮರಕ್ಕೆ ಮರ ಅಂಟಿಸಿದರೆ ಮರ ಆ ನೀರನ್ನು ಕುಡಿಯುತ್ತದೆ. ಫೋಮ್ ನೀರು ಕುಡಿಯುವುದಿಲ್ಲ, ಹೀಗಾಗಿ ನಡುವಿನ ನೀರಿಗೆ ಹೋಗಲು ದಾರಿಯೇ ಇಲ್ಲ. ಹೊರ ಅಂಚಿಗೆ ಪುಟ್ಟಿ ಬಳಿದು ಇದ್ದ ದಾರಿಯನ್ನೂ ಮುಚ್ಚಿದ್ದರು. ಫೋಮ್‌ಗೆ ಫೋಮ್ ಅಂಟಿಸಲು ಪಿಯು (ಪಾಲಿಯುರೆಥೇನ್) ಅಂಟು ಅಥವಾ ಕಡಿಮೆ ಶಾಖದ ಗ್ಲೂ ಗನ್ ಬಳಸಬೇಕು. ಅಂಗಡಿಯಲ್ಲಿ ಸಿಗುವ ಹಳದಿ ಕಾಂಟ್ಯಾಕ್ಟ್ ಅಂಟು ಬೇಡವೇ ಬೇಡ, ಅದರಲ್ಲಿಯೂ ಫೋಮ್ ತಿನ್ನುವ ದ್ರಾವಕವಿದೆ.

ಆ ಒದ್ದೆಯ ಮೇಲೆ ನೆಲದ ಒರಟುತನಕ್ಕೆಂದು ಉದುರಿಸಿದ್ದು ತೆಂಗಿನ ನಾರಿನ ಪುಡಿ ಮತ್ತು ಮರಳು. ನಾರಿನ ಪುಡಿ ನೀರು ಹಿಡಿದಿಟ್ಟುಕೊಳ್ಳುವುದಕ್ಕೇ ಹೆಸರುವಾಸಿ, ನರ್ಸರಿಯವರು ಕುಂಡಕ್ಕೆ ಹಾಕುವುದೂ ಅದಕ್ಕೇ. ಬೂಷ್ಟು ಹಿಡಿಯದೆ ಇನ್ನೇನಾದೀತು. ಮರಳಿನ ಮೇಲೂ ಬಿಳಿ ಪುಡಿ ಎದ್ದಿತ್ತು, ಆದರೆ ಅದು ಬೂಷ್ಟಲ್ಲ, ಉಪ್ಪು. ಕಡಲ ದಂಡೆಯ ಮರಳನ್ನು ತೊಳೆಯದೆ ಬಳಸಿದರೆ ಅದರಲ್ಲಿನ ಉಪ್ಪು ಗಾಳಿಯ ತೇವವನ್ನು ಎಳೆದು ಕರಗಿ, ಬಿಸಿಲು ಬಂದ ದಿನ ಮತ್ತೆ ಮೇಲೆ ಬಂದು ಕೂರುತ್ತದೆ. ಎರಡನ್ನೂ ಗುರುತಿಸಲು ಒದ್ದೆ ಬ್ರಷ್ ಸಾಕು: ಉಪ್ಪಾದರೆ ಕರಗಿ ಮಾಯವಾಗುತ್ತದೆ, ಬೂಷ್ಟಾದರೆ ಮೆತ್ತಿಕೊಳ್ಳುತ್ತದೆ. ಬೂಷ್ಟನ್ನು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಒಣ ಬ್ರಷ್‌ನಲ್ಲಿ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಅಂತ ಹೇಳುವವರಿದ್ದಾರೆ. ನೆಲಕ್ಕೆ ಹತ್ತಿಯಲ್ಲಿ ಒತ್ತಬಹುದು, ಮಿನಿಯೇಚರ್‌ಗೆ ಮಾತ್ರ ತಾಗಿಸಬೇಡಿ, ಅಕ್ರಿಲಿಕ್ ಬಣ್ಣ ಎದ್ದು ಬರುತ್ತದೆ. ಯಾವ ಮರಳಾದರೂ ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಹಳೆಯ ಬಾಣಲೆಯಲ್ಲಿ ಹುರಿದೇ ಬಳಸಬೇಕು.

ಇನ್ನು ನದಿ. ಎಪಾಕ್ಸಿ ರೆಸಿನ್ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಒಂದೇ ಸಲ ಸುರಿದದ್ದು. ತಳದ ಫೋಮ್ ಅಲ್ಲಲ್ಲಿ ಉಬ್ಬಿತ್ತು, ಯಾಕೆಂದರೆ ರೆಸಿನ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪ ಹೆಚ್ಚಿದಷ್ಟೂ ಬಿಸಿ ಹೊರಹೋಗದೆ ಏರುತ್ತದೆ. ಮೇಲ್ಮೈಯ ಮೇಲೆ ಜಿಡ್ಡಿನಂಥ ಬಿಳಿ ಪೊರೆ ಇತ್ತು. ತೇವದ ಗಾಳಿಯಲ್ಲಿ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಕಲಸುವ ದ್ರವ) ನೀರಿನ ಜೊತೆ, ಇಂಗಾಲದ ಡೈಆಕ್ಸೈಡ್ ಜೊತೆ ಕೂಡಿಕೊಂಡು ಈ ಪೊರೆ ಬರುತ್ತದೆ; ಬೆಚ್ಚಗಿನ ನೀರಿನಲ್ಲಿ ಒರೆಸಿದರೆ ಹೋಗುತ್ತದೆ. ಒಂದು ಬದಿಯಲ್ಲಿ ಮಾತ್ರ ಎಷ್ಟು ಒರೆಸಿದರೂ ಬೆರಳಿನ ಗುರುತು ಬೀಳುತ್ತಿತ್ತು. ಅದು ಪ್ರಮಾಣ ತಪ್ಪಿದ, ಇಲ್ಲವೇ ಸರಿಯಾಗಿ ಕಲಸದ ರೆಸಿನ್. ಅದು ಮುಂದೆ ಯಾವತ್ತೂ ಗಟ್ಟಿಯಾಗುವುದಿಲ್ಲ, ಕೆರೆದು ತೆಗೆಯುವುದೊಂದೇ ದಾರಿ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇದೆ, ಅದು ತಪ್ಪು. ಡಬ್ಬಿಯ ಮೇಲೆ ತೂಕದ ಪ್ರಮಾಣ ಕೊಟ್ಟಿದ್ದರೆ ಡಿಜಿಟಲ್ ತಕ್ಕಡಿಯಲ್ಲೇ ತೂಗಬೇಕು, ಅಳತೆಯ ಪ್ರಮಾಣ ಕೊಟ್ಟಿದ್ದರೆ ಗೆರೆಯಿರುವ ಕಪ್‌ನಲ್ಲೇ ಅಳೆಯಬೇಕು. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ನಿಜವಾಗಿ ಆ ಬೋರ್ಡಿಗೆ ಅಷ್ಟು ರೆಸಿನ್ ಬೇಕೇ ಇರಲಿಲ್ಲ. ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್‌ಗೆ ಇದ್ದ ಅವಸರವೇ ಮಳೆ ಬಂದು ಕಾವೇರಿ ತುಂಬುವ ಮುನ್ನ ಕೋಟೆ ಹಿಡಿಯಬೇಕು ಅನ್ನುವುದು. ಮೇ ಮೊದಲ ವಾರದ ಕಾವೇರಿಯಲ್ಲಿ ನೀರು ಕಡಿಮೆ, ಬಂಡೆಗಳು ಎದ್ದು ಕಾಣುತ್ತವೆ, ದಾಳಿಯ ಮುಂದಾಳು ಬೇರ್ಡ್‌ನ ಪಡೆ ನದಿಯನ್ನು ಕಾಲ್ನಡಿಗೆಯಲ್ಲೇ ದಾಟಿತು. ಆಳವಾದ ಹಸಿರು ನದಿ ಮಾಡಿದ್ದು ಇತಿಹಾಸಕ್ಕೂ ಹೊಂದಲಿಲ್ಲ, ಕೆಲಸಕ್ಕೂ ಹೊಂದಲಿಲ್ಲ. ಬಂಡೆ ಮತ್ತು ಮರಳಿನ ಪಾತ್ರ ಮಾಡಿ, ತಗ್ಗುಗಳಿಗೆ ಕಂದು-ಹಸಿರು ಬಣ್ಣ ತೆಳುವಾಗಿ ಬಳಿದು, ಮೇಲೆ ಹೊಳಪಿನ ಅಕ್ರಿಲಿಕ್ ವಾರ್ನಿಷ್ ನಾಲ್ಕು ಕೋಟ್, ಅಲೆ ಬೇಕಾದಲ್ಲಿ ಗ್ಲಾಸ್ (ಹೊಳಪಿನ) ಜೆಲ್ ಹಚ್ಚಿದ್ದರೆ ಸಾಕಿತ್ತು. ನಿಮ್ಮ ಬೋರ್ಡ್ ಯಾವ ತಿಂಗಳಿನದು ಅನ್ನುವುದನ್ನು ಮಾಡುವವರಿಗೆ ಮೊದಲೇ ಹೇಳಿ. ಎಷ್ಟೋ ಖರ್ಚು ಅಲ್ಲೇ ಉಳಿಯುತ್ತದೆ.

ಸೈನಿಕರ ವಿಷಯಕ್ಕೆ ಬಂದರೆ, ಬಣ್ಣ ಹಚ್ಚಿದ ಕೈ ಒಳ್ಳೆಯ ಕೈ. ಬಬ್ರಿ, ಅಂದರೆ ಹುಲಿಪಟ್ಟೆಯ ವಿನ್ಯಾಸವನ್ನು ಒಂದೊಂದು ಅಂಗಿಯ ಮೇಲೂ ಬಿಡಿಬಿಡಿಯಾಗಿ ಎಳೆದಿದ್ದರು, ತೋಳಿನ ಮಡಿಕೆಯಲ್ಲಿ ಪಟ್ಟೆ ತುಂಡಾಗುವುದನ್ನೂ ತೋರಿಸಿದ್ದರು. ಬಾಣದ, ಅಂದರೆ ರಾಕೆಟ್ಟಿನ, ಬಿದಿರುಗಳಿಗೆ ಹಿತ್ತಾಳೆ ತಂತಿ ಹಾಕಿದ್ದರು, ಬಾಗಿದರೂ ಮುರಿಯುವುದಿಲ್ಲ. ಆ ಕೆಲಸವನ್ನೆಲ್ಲ ಕೊನೆಯ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ನುಂಗಿತು. ಮಳೆಯ ದಿನ ಸ್ಪ್ರೇ ಹೊಡೆದಾಗ ದ್ರಾವಕ ಆವಿಯಾಗುತ್ತಾ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ಗಾಳಿಯಲ್ಲಿನ ನೀರು ಅಲ್ಲೇ ಕೂತು ಪೊರೆಯೊಳಗೆ ಸಿಕ್ಕಿಕೊಳ್ಳುತ್ತದೆ, ಬಣ್ಣದ ಮೇಲೆ ಬಿಳಿ ಮಂಜು ಕವಿದ ಹಾಗಾಗುತ್ತದೆ. ಕ್ಯಾನನ್ನು ಚೆನ್ನಾಗಿ ಕುಲುಕದಿದ್ದರೂ, ದಪ್ಪಗೆ ಹೊಡೆದರೂ ಇದೇ ಗತಿ, ಹೊಳಪು ತಗ್ಗಿಸುವ ಪುಡಿ ಒಂದೇ ಕಡೆ ಬಂದು ಬೀಳುತ್ತದೆ. ತೇವಾಂಶ ಶೇ. 65 ದಾಟಿದ್ದರೆ ಕ್ಯಾನ್ ಮುಟ್ಟಬಾರದು; ಒಂದು ಚಿಕ್ಕ ಹೈಗ್ರೋಮೀಟರ್ (ತೇವಾಂಶ ಮಾಪಕ) ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜುಲೈನಲ್ಲಿ ಕರಾವಳಿ, ಮಲೆನಾಡಿನ ಕಡೆ ಆ ಮುಳ್ಳು 80ರ ಕೆಳಗೆ ಇಳಿಯುವುದೇ ಅಪರೂಪ, ಅಲ್ಲಿಯವರು ಬ್ರಷ್‌ನಲ್ಲಿ ಹಚ್ಚುವ ನೀರಿನ ವಾರ್ನಿಷನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಹೀಗಾದದ್ದು ಬಹುಪಾಲು ಸರಿಯಾಗುತ್ತದೆ. ಒಂದೇ ಒಂದು ಸೈನಿಕನನ್ನು ತೆಗೆದುಕೊಂಡು ಹೊಳಪಿನ ವಾರ್ನಿಷ್ ತೆಳುವಾಗಿ ಬ್ರಷ್‌ನಲ್ಲಿ ಹಚ್ಚಿ ನೋಡಿ. ಒರಟಾದ ಪೊರೆಯ ಗುಂಡಿಗಳು ತುಂಬಿಕೊಂಡು ಪಟ್ಟೆಗಳು ಮತ್ತೆ ಕಾಣಿಸಿಕೊಂಡರೆ ಉಳಿದವಕ್ಕೂ ಹಚ್ಚಿ, ಒಂದು ದಿನ ಆರಿಸಿ, ಮೇಲೆ ಮ್ಯಾಟ್ ಕೊಡಿ. ಎಣ್ಣೆ ಸವರುವ ಉಪಾಯವೂ ಚಾಲ್ತಿಯಲ್ಲಿದೆ. ಮಂಕು ಹೋಗುತ್ತದೆ ನಿಜ, ಆದರೆ ಎಣ್ಣೆಯ ಮೇಲೆ ಮುಂದೆ ಯಾವ ಕೋಟೂ ಹಿಡಿಯುವುದಿಲ್ಲ, ಹಾಗಾಗಿ ನಾವು ಅದನ್ನು ಹೇಳುವುದಿಲ್ಲ. ಮಂಕು ಪಾದದ ಸುತ್ತ, ಕೀಲುಗಳ ಹತ್ತಿರ ಮಾತ್ರ ಇದ್ದರೆ ಅದು ವಾರ್ನಿಷ್ ತಪ್ಪಲ್ಲ. ಸೂಪರ್ ಗ್ಲೂ ಹಾಕಿದ ದಿನವೇ ಮುಚ್ಚಿದ ಡಬ್ಬಿಯಲ್ಲಿ ಇಟ್ಟಾಗ ಅದರ ಆವಿ ಕೂತು ಆಗುವ ಬಿಳುಪು.

ತೋಪು ಎಳೆಯುವ ಅಮೃತಮಹಲ್ ಎತ್ತುಗಳು 3ಡಿ ಪ್ರಿಂಟ್. ರೆಸಿನ್ ಉಳಿಸಲು ಒಳಗೆ ಟೊಳ್ಳು ಬಿಟ್ಟು, ಬಸಿಯುವ ತೂತು ಮಾತ್ರ ಬಿಟ್ಟಿರಲಿಲ್ಲ. ಒಳಗೆ ಉಳಿದ ಹಸಿ ರೆಸಿನ್ ತಿಂಗಳಾದ ಮೇಲೆ ಒಂದೆರಡು ಎತ್ತಿನ ಹೊಟ್ಟೆ ಸೀಳಿಕೊಂಡು ಸೋರಿತು. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮಕ್ಕೆ ಅಲರ್ಜಿ ತರುತ್ತದೆ. ನೈಟ್ರೈಲ್ ಕೈಗವಸು ಬೇಕು. ಈ ಅಳತೆಯ ಪ್ರಾಣಿಗಳನ್ನು ಗಟ್ಟಿಯಾಗಿಯೇ ಪ್ರಿಂಟ್ ಮಾಡಿ ಎಂದು ಕೇಳಿ, ಉಳಿಯುವ ರೆಸಿನ್ ಕೆಲವೇ ರೂಪಾಯಿಯದು. ಆನೆಯಂಥ ದೊಡ್ಡದಾದರೆ ಕಾಣದ ಜಾಗದಲ್ಲಿ 3 ಮಿ.ಮೀ.ಯ ಎರಡು ತೂತು, ಒಂದು ರೆಸಿನ್ ಹೊರಬರಲು, ಇನ್ನೊಂದು ಗಾಳಿ ಒಳಹೋಗಲು. ಒಳಗೂ ಆಲ್ಕೋಹಾಲ್‌ನಲ್ಲಿ ತೊಳೆದು ಆರಿಸಿ ಯುವಿ ಬೆಳಕು ಕೊಟ್ಟ ಮೇಲೆಯೇ ತೂತು ಮುಚ್ಚಬೇಕು.

ಇವೆಲ್ಲ ಮುಗಿದ ಬೋರ್ಡಿನ ಫೋಟೋದಲ್ಲಿ ಕಾಣುವುದಿಲ್ಲ. ಆದ್ದರಿಂದ ದುಡ್ಡನ್ನು ಹಂತಕ್ಕೆ ತಕ್ಕಂತೆ ಕೊಡಿ, ಹಂತಕ್ಕೊಂದು ಫೋಟೋ ಕೇಳಿ: ಪ್ರೈಮರ್ ಬಿದ್ದ ತಳದ ಎರಡೂ ಬದಿ, ಬಣ್ಣಕ್ಕೆ ಮೊದಲು ಕಪ್ಪು ಕೋಟ್ ಕಂಡ ಫೋಮ್, ಪ್ರೈಮರ್‌ಗೆ ಮೊದಲಿನ ಪ್ರಿಂಟ್‌ಗಳ ಹೊಟ್ಟೆ. ವಾರ್ನಿಷ್ ಯಾವುದು, ಕ್ಯಾನೋ ಬ್ರಷ್ಷೋ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಕೊನೆಯ ಕೋಟ್ ಆದ ಮೇಲೆ ಒಂದು ವಾರವಾದರೂ ಅವರ ಬಳಿಯೇ ಆರಲಿ. ಹಸಿ ವಾರ್ನಿಷ್‌ಗೆ ಬಬಲ್ ರ‍್ಯಾಪ್ ತಾಗಿದರೆ ಗುಳ್ಳೆಗಳ ಉಂಗುರದ ಗುರುತು ಉಳಿಯುತ್ತದೆ. ಪಾರ್ಸೆಲ್ ಬಂದಾಗ ಮೊದಲು ಮೂಸಿ ನೋಡಿ, ಥಿನ್ನರ್ ವಾಸನೆ ಹೊಡೆದರೆ ಇನ್ನೂ ಆರಿಲ್ಲ. ಉಕ್ಕಿನ ಸ್ಕೇಲನ್ನು ಮೂಲೆಯಿಂದ ಮೂಲೆಗೆ ಇಟ್ಟು ನಡುವೆ ಸಂದು ಇದೆಯೇ ನೋಡಿ, ಗೋಡೆಯನ್ನು ನಾಲ್ಕಾರು ಕಡೆ ಹೆಬ್ಬೆರಳಿನಿಂದ ಒತ್ತಿ, ನದಿಯ ಅಂಚಿನಲ್ಲಿ ಉಗುರು ತಾಗಿಸಿ. ಪೆಟ್ಟಿಗೆ ಬಿಚ್ಚುವುದರಿಂದ ಹಿಡಿದು ಇಷ್ಟನ್ನೂ ಒಂದೇ ವಿಡಿಯೋದಲ್ಲಿ ಹಿಡಿಯಿರಿ, ಕೊನೆಯ ಕಂತು ಅದಾದ ಮೇಲೆ ಕೊಡಿ.