ಮಂಡಿಯ ಮೆನಿಸ್ಕಸ್ ಹರಿದಾಗ: ಕತ್ತರಿಸುವುದೋ, ಹೊಲಿಯುವುದೋ?

ಮಂಡಿಯಲ್ಲಿ ತೊಡೆ ಮೂಳೆಗೂ ಕಾಲಿನ ಮೂಳೆಗೂ ನಡುವೆ ಇರುವ ಮೆತ್ತೆಯೇ ಮೆನಿಸ್ಕಸ್. ಹರಿದರೆ ಆರ್ತ್ರೋಸ್ಕೋಪಿಯಲ್ಲಿ (ಮಂಡಿಯೊಳಗೆ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಎರಡು ದಾರಿ: ಹರಿದ ತುಂಡನ್ನು ಕತ್ತರಿಸಿ ತೆಗೆಯುವುದು, ಇಲ್ಲವೇ ಹೊಲಿಯುವುದು. ಎರಡಕ್ಕೂ ಸಣ್ಣ ತೂತುಗಳೇ ಸಾಕು. ಆಮೇಲಿನ ದಿನಗಳು ಮಾತ್ರ ಬೇರೆ ಬೇರೆ.

ಕತ್ತರಿಸಿದರೆ ಸಾಮಾನ್ಯವಾಗಿ ಅದೇ ದಿನ ಕಾಲೂರಬಹುದು. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರ, ಆಟಕ್ಕೆ 4ರಿಂದ 6 ವಾರ. ಆದರೆ ಮೆತ್ತೆ ಕಡಿಮೆಯಾದಷ್ಟೂ ಮುಂದೆ ಮಂಡಿ ಸವೆಯುವ ಅಪಾಯ ಜಾಸ್ತಿ.

ಹೊಲಿಗೆಗೆ ತಾಳ್ಮೆ ಬೇಕು. ಹಲವು ವಾರ ಊರುಗೋಲು, ಬ್ರೇಸ್ (ಮಂಡಿಗೆ ಕಟ್ಟುವ ಆಸರೆ ಪಟ್ಟಿ), ತಿಂಗಳುಗಟ್ಟಲೆ ಫಿಸಿಯೋಥೆರಪಿ. ಆಟಕ್ಕೆ ಮರಳಲು ಸುಮಾರು ಆರು ತಿಂಗಳು. ಕುಕ್ಕರುಗಾಲಲ್ಲಿ ಕೂರುವುದಕ್ಕೂ ಕೆಲವು ತಿಂಗಳು ಕಾಯಬೇಕು. ನೆಲದ ಮೇಲೆ ಕೂತೇ ಊಟ ಮಾಡುವ, ಇಂಡಿಯನ್ ಟಾಯ್ಲೆಟ್ ಬಳಸುವ ಮನೆಯವರು ಇದನ್ನು ಮೊದಲೇ ಯೋಚಿಸಬೇಕು, ಅಲ್ವಾ? ಕೆಲವರಲ್ಲಿ ಹೊಲಿಗೆ ಕೂಡದೆ ಮತ್ತೆ ಆಪರೇಷನ್ ಬೇಕಾಗುತ್ತದೆ. ಆದರೂ ವಯಸ್ಸು ಚಿಕ್ಕದಿದ್ದು, ರಕ್ತ ಹರಿಯುವ ಹೊರ ಅಂಚಿನಲ್ಲಿ ಹರಿದಿದ್ದರೆ ನಾನು ಹೊಲಿಗೆಯ ಕಡೆಗೇ. ಒಳಭಾಗಕ್ಕೆ ರಕ್ತ ಹೋಗುವುದಿಲ್ಲ, ಅಲ್ಲಿ ಕೂಡುವುದು ಕಷ್ಟ. ಕೆಲವೊಮ್ಮೆ ಕ್ಯಾಮೆರಾ ಒಳಗೆ ಹೋದ ಮೇಲಷ್ಟೇ ಇದು ತೀರ್ಮಾನವಾಗುತ್ತದೆ. ಹಾಗಾಗಿ ಎರಡಕ್ಕೂ ಸಿದ್ಧರಾಗಿಯೇ ಹೋಗಿ.

ನಡುವಯಸ್ಸು ದಾಟಿ, ಸವೆದು ಹರಿದಿದ್ದರೆ? ಸುಮ್ನೆ ಅವಸರ ಬೇಡ. 2013ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ, ಇಂಥವರಿಗೆ ನಿಜವಾಗಿ ಕತ್ತರಿಸಿದ್ದಕ್ಕೂ ಕತ್ತರಿಸಿದಂತೆ ನಟಿಸಿದ್ದಕ್ಕೂ ವರ್ಷದ ನಂತರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೊದಲು ಕೆಲವು ತಿಂಗಳು ವ್ಯಾಯಾಮ ಮಾಡಿ ನೋಡಿ. ಮಂಡಿ ಲಾಕ್ ಆಗಿ ನೇರವಾಗದೇ ಇದ್ದರೆ ಮಾತ್ರ ಕಾಯಬೇಡಿ, ಬೇಗ ಡಾಕ್ಟರಿಗೆ ತೋರಿಸಿ.