ಹಲ್ಲು ಕೀಳಿಸಿದ ಮೇಲೆ: ಉಪ್ಪುನೀರೋ, ಮೌತ್‌ವಾಶೋ?

ಬದಿಯಡ್ಕದ ನಮ್ಮ ಮನೆಯಲ್ಲಿ ಅಮ್ಮನ ದವಡೆ ಹಲ್ಲು ಕೀಳಿಸಿದಾಗ ಇದೇ ಪ್ರಶ್ನೆ ಬಂತು. ಮೊದಲ 24 ಗಂಟೆ ಎರಡೂ ಬೇಡ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ, ಅಲ್ವಾ? ಜೋರಾಗಿ ಉಗುಳಿದರೆ, ಸ್ಟ್ರಾ ಹಾಕಿ ಬೊಂಡ ಹೀರಿದರೆ ಅದು ಕಿತ್ತು ಬರಬಹುದು. ಆಮೇಲೆ ಕಿವಿವರೆಗೆ ನೋವು.

ಮರುದಿನದಿಂದ ಉಪ್ಪುನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಪ್ರತಿ ಊಟದ ನಂತರ. ಅಮ್ಮ ಬಾಯಿತುಂಬ ನೀರು ಹಿಡಿದು ತಲೆಯನ್ನು ಮೆಲ್ಲ ಆ ಕಡೆ ಈ ಕಡೆ ವಾಲಿಸುತ್ತಿದ್ದರು. ಉಗುಳದೆ, ನೀರು ತಾನಾಗಿ ಬೀಳಲು ಬಿಡುತ್ತಿದ್ದರು. ಕುಚ್ಚಲಕ್ಕಿ ಗಂಜಿಯ ಅಗುಳು ಹೊರಬರಲು ಅಷ್ಟೇ ಸಾಕು.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ರೋಗಾಣುಗಳ ಮೇಲೆ ಜಾಸ್ತಿ ಬಲವಾದದ್ದು. ಸಾಮಾನ್ಯವಾಗಿ 10 ಎಂಎಲ್, ದಿನಕ್ಕೆ 2 ಸಲ. ಆದರೆ ಸ್ವಲ್ಪ ಕಾಲ ನಾಲಗೆಯ ರುಚಿ ಕೆಡುತ್ತದೆ. ವಾರಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ, ಚಹಾ ಕುಡಿಯುವವರಿಗೆ ಇನ್ನೂ ಬೇಗ. ಪೇಸ್ಟಿನ ನೊರೆ ಅದರ ಶಕ್ತಿ ತಗ್ಗಿಸುತ್ತದೆ. ಬ್ರಶ್ ಮಾಡಿ ಅರ್ಧ ಗಂಟೆ ಬಿಡಿ.

ಸಾದಾ ಹಲ್ಲಾದರೆ ನನ್ನ ಆಯ್ಕೆ ಉಪ್ಪುನೀರೇ. ಬುದ್ಧಿಹಲ್ಲನ್ನು ಕೊಯ್ದು ತೆಗೆದಿದ್ದರೆ ಡಾಕ್ಟರನ್ನು ಕೇಳಿ ಮೌತ್‌ವಾಶ್ ತನ್ನಿ. ಎಲೆಯಡಿಕೆ, ಹೊಗೆಸೊಪ್ಪು ಯಾವುದೇ ಆದರೂ ಬೇಡ. ಮೂರನೇ ದಿನ ನೋವು ಏರಿದರೆ ಸುಮ್ನೆ ಮುಕ್ಕಳಿಸುತ್ತಾ ಕೂರಬೇಡಿ, ಡಾಕ್ಟರ ಬಳಿ ಹೋಗಿ.