ಮಾಸ್ಕಿನ ಮಂಜಿಗೆ ಎಂಜಲೋ, ಬೇಬಿ ಶಾಂಪೂವೋ, 450 ರೂಪಾಯಿಯ ಬಾಟಲಿಯೋ?

ಕಡಲಲ್ಲಿ ಮುಳುಗುವಾಗ ಹಾಕಿಕೊಳ್ಳುವ ಮಾಸ್ಕಿನ ಗಾಜಿಗೆ ಒಳಗಿನಿಂದ ಮಂಜು ಹಿಡಿಯದಿರಲು ಏನು ಸವರಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೇಬಿ ಶಾಂಪೂಗೆ. 450 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಆಂಟಿ-ಫಾಗ್ (ಮಂಜು ತಡೆಯುವ) ದ್ರವದ ಬಾಟಲಿ ಈಗ ಬಚ್ಚಲುಮನೆ ಕಿಟಕಿಯಲ್ಲಿ ಕೂತಿದೆ. ಅಲ್ಲಿನ ಕನ್ನಡಿ ಒರೆಸಲು ಪರವಾಗಿಲ್ಲ.

ನನ್ನದು ಪವರ್ ಗಾಜು ಹಾಕಿಸಿದ ಮಾಸ್ಕ್. ಕನ್ನಡಕ ಇಲ್ಲದಿದ್ದರೆ ನನಗೆ ಮೀನೂ ಒಂದೇ, ಬಂಡೆಯೂ ಒಂದೇ. ಹಾಗಾಗಿ ಮಾಸ್ಕಿಗೇ ಜಾಸ್ತಿ ದುಡ್ಡು ಬಿತ್ತು. ಮಂಗಳೂರಿನಿಂದ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟು ಹತ್ತಿ ನೇತ್ರಾಣಿ ದ್ವೀಪ ಮುಟ್ಟಿ, ನೀರಿಗೆ ಇಳಿದ ಮೇಲೆ ಗಾಜಿನೊಳಗೆ ಬರೀ ಬಿಳಿ ಕಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ನಮ್ಮ ಕಡಲು ಬೆಚ್ಚಗೇ ಇದೆಯಲ್ಲ, ಇಲ್ಲೂ ಯಾಕೆ ಮಂಜು ಹಿಡಿಯುತ್ತದೆ ಎಂದು ಕೇಳುವವರಿದ್ದಾರೆ. ನೀರು 28 ಡಿಗ್ರಿ ಇದ್ದರೂ ಮುಖ ಅದಕ್ಕಿಂತ ಬಿಸಿ. ಮೂಗಿನಿಂದ ಬರುವ ಉಸಿರು ಬಿಸಿಯೂ ಹೌದು, ಹಸಿಯೂ ಹೌದು. ಆ ಆವಿ ಗಾಜಿಗೆ ತಾಗಿ ಸಣ್ಣ ಸಣ್ಣ ಹನಿಯಾಗಿ ನಿಲ್ಲುತ್ತದೆ. ಎಂಜಲು, ಶಾಂಪೂ, ಬಾಟಲಿಯ ದ್ರವ ಮೂರೂ ಮಾಡುವ ಕೆಲಸ ಒಂದೇ. ಹನಿ ಗುಂಡಗೆ ನಿಲ್ಲದೆ ತೆಳ್ಳಗೆ ಹರಡಿಕೊಳ್ಳುತ್ತದೆ. ಹರಡಿದ ನೀರಿನ ಆಚೆ ಕಾಣುತ್ತದೆ, ಹನಿಗಳ ಆಚೆ ಕಾಣುವುದಿಲ್ಲ.

ಆದರೆ ಮಾಸ್ಕ್ ಹೊಸದಾದರೆ ಈ ಮೂರೂ ಸೋಲುತ್ತವೆ. ಈ ವಿಷಯ ಬಾಟಲಿಯ ಮೇಲೂ ಬರೆದಿರಲಿಲ್ಲ, ಮಾಸ್ಕಿನ ಡಬ್ಬಿಯ ಮೇಲೂ ಬರೆದಿರಲಿಲ್ಲ. ಗಾಜಿನ ಸುತ್ತ ಇರುವ ಮೆತ್ತನೆಯ ಅಂಚು ಸಿಲಿಕಾನಿನದ್ದು. ಫ್ಯಾಕ್ಟರಿಯಿಂದ ಬರುವಾಗಲೇ ಅದರ ಜಿಡ್ಡು ಗಾಜಿನ ಒಳಮೈಗೆ ಒಂದು ತೆಳು ಪದರವಾಗಿ ಅಂಟಿಕೊಂಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ನೀವು ಏನೇ ಸವರಿದರೂ ನಿಲ್ಲುವುದಿಲ್ಲ. ಎರಡು ನಿಮಿಷ ಚಂದ, ಮತ್ತೆ ಮಬ್ಬು.

ಈ ಜಿಡ್ಡು ತೆಗೆಯಲು ಬಿಳಿ ಟೂತ್‌ಪೇಸ್ಟ್ ಬೇಕು. ಬಣ್ಣದ ಜೆಲ್ ಬೇಡ, ನುಣ್ಣಗೆ ಜಾರುತ್ತದೆ ಅಷ್ಟೆ. ಗಾಜಿನ ಒಳಬದಿಗೆ ಪೇಸ್ಟ್ ಹಾಕಿ ಬೆರಳಿನಲ್ಲಿ ಚೆನ್ನಾಗಿ ತಿಕ್ಕಬೇಕು. ಮೂಲೆಗಳನ್ನು ಬಿಡಬಾರದು, ಮಂಜು ಶುರುವಾಗುವುದೇ ಅಲ್ಲಿಂದ. ತೊಳೆದು ಮತ್ತೆ ತಿಕ್ಕಿ. ಬೆರಳು ನೋಯುತ್ತದೆ, ಬೇಜಾರೂ ಬರುತ್ತದೆ. ಸಾಕಾಯಿತೋ ಇಲ್ಲವೋ ನೋಡಲು ಗಾಜಿನ ಮೇಲೆ ನೀರು ಹಾಕಿ. ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿದರೆ ಜಿಡ್ಡು ಇನ್ನೂ ಇದೆ. ಹರಡಿ ಇಳಿದರೆ ಆಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ವರ್ಷ ಮಳೆಗಾಲಕ್ಕೆ ಮಾಸ್ಕನ್ನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಅಕ್ಟೋಬರಿನಲ್ಲಿ ತೆಗೆದರೆ ಅಂಚಿಗೆ ಬೂಷ್ಟು, ಗಾಜಿಗೆ ಮತ್ತೆ ಅದೇ ಜಿಡ್ಡು. ಮುಚ್ಚಿದ ಡಬ್ಬಿಯೊಳಗೆ ಸಿಲಿಕಾನ್ ನಿಧಾನಕ್ಕೆ ಅದನ್ನು ಬಿಡುತ್ತಲೇ ಇರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಈ ತಿಕ್ಕಾಟ ತಪ್ಪಿದ್ದಲ್ಲ.

ಲೈಟರ್‌ನಿಂದ ಗಾಜಿನ ಒಳಬದಿ ಸುಟ್ಟು, ಕರಿ ಒರೆಸುವವರೂ ಇದ್ದಾರೆ. ಪೇಸ್ಟಿಗಿಂತ ಬೇಗ ಆಗುತ್ತದೆ. ಆದರೆ ಬೆಂಕಿ ಒಂಚೂರು ಆಚೆ ಹೋದರೆ ಸಿಲಿಕಾನ್ ಅಂಚು ಹಾಳಾಯಿತು. ಪವರ್ ಗಾಜಿಗೆ ದುಡ್ಡು ಸುರಿದವನು ನಾನು, ಆ ಧೈರ್ಯ ನನಗಿಲ್ಲ.

ಈಗ ಎಂಜಲು. ಪುಕ್ಕಟೆ, ಯಾವಾಗಲೂ ಜೊತೆಗೇ ಇರುತ್ತದೆ, ಕೆಲಸವನ್ನೂ ಮಾಡುತ್ತದೆ. ಬಂಡೆಗಳ ಬದಿಯಲ್ಲಿ ಮುಳುಗಿ ಪಚ್ಚಿಲೆ ಚಿಪ್ಪು ಕೀಳುವವರನ್ನು ಕೇಳಿ, ಬೇರೆ ಉತ್ತರ ಬರುವುದಿಲ್ಲ. ಒಣ ಗಾಜಿಗೆ ಉಗಿದು, ತಿಕ್ಕಿ, ಒಮ್ಮೆ ಅದ್ದಿ ಹಾಕಿಕೊಳ್ಳಬೇಕು. ಸ್ವಲ್ಪ ಹೊತ್ತಿನ ಮುಳುಗಿಗೆ ಸಾಕು. ನನಗೆ ತೊಂದರೆಯಾದದ್ದು ಬೇರೆ ಕಡೆ. ಮಳೆಗಾಲದಲ್ಲಿ ಅಭ್ಯಾಸಕ್ಕೆ ಈಜುಕೊಳವೇ ಗತಿ. ಅಲ್ಲಿ ಅಂಚಿನಲ್ಲಿ ಕೂತು ಮಾಸ್ಕಿಗೆ ಉಗಿದರೆ "ಅಣ್ಣ, ಇದೆಂತ ಮಾರಾಯ್ರೆ" ಎಂದು ಬೈಸಿಕೊಳ್ಳಬೇಕು, ಅದೂ ನ್ಯಾಯವೇ. ಬೋಟಿನಲ್ಲಿ ಎಲ್ಲರೂ ಉಗಿದ ಮಾಸ್ಕನ್ನು ಒಂದೇ ಬಕೆಟಿನಲ್ಲಿ ಅದ್ದುವುದನ್ನು ನೋಡಿದ ಮೇಲೆ ಅದೂ ಬೇಡವಾಯಿತು.

ಆ 450ರ ಬಾಟಲಿ ಕೆಟ್ಟದ್ದೇನಲ್ಲ. ಜಿಡ್ಡು ತೆಗೆದ ಗಾಜಿನ ಮೇಲೆ ಮೂರರಲ್ಲಿ ಅತಿ ಹೆಚ್ಚು ಹೊತ್ತು ಬಾಳಿದ್ದು ಅದೇ. ಆದರೆ ಸರಿಯಾಗಿ ತೊಳೆಯದಿದ್ದರೆ ಕಣ್ಣು ಉರಿಯುತ್ತದೆ. ಇದ್ದದ್ದು 30 ಮಿಲಿ. ಬ್ಯಾಗಿನಲ್ಲಿ ಮುಚ್ಚಳ ಸಡಿಲಾಗಿ ಅರ್ಧ ಟವೆಲಿಗೇ ಹೋಯಿತು.

ದಾಸವಾಳದ ಎಲೆಯ ಲೋಳೆಯನ್ನೂ ಸವರಿ ನೋಡಿದೆ. ಕೊರಿಯಾದ ಜೇಜು ದ್ವೀಪದಲ್ಲಿ ಮುಳುಗಿ ಚಿಪ್ಪು ಕೀಳುವ ಹೆಂಗಸರು ಗಾಜಿಗೆ ಒಂದು ಸೊಪ್ಪು ತಿಕ್ಕುತ್ತಾರಂತೆ, ಹಾಗಾದರೆ ನಮ್ಮ ಹಿತ್ತಲಿನದ್ದು ಯಾಕಾಗಬಾರದು ಅನ್ನಿಸಿತು. ಆಗುತ್ತದೆ. ಆದರೆ ಮೂಗಿನ ಹತ್ತಿರ ಹಸಿರು ಚೂರುಗಳು ತೇಲುತ್ತವೆ.

ಬೇಬಿ ಶಾಂಪೂ ಒಂದು ಪಾಲು, ನೀರು ಮೂರು ಪಾಲು. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಮನೆಯಲ್ಲಿ ಸುಮ್ನೆ ಬಿದ್ದಿತ್ತು, ತೊಳೆದು ಅದಕ್ಕೇ ತುಂಬಿದೆ. ಒಣ ಗಾಜಿಗೆ ಒಂದೆರಡು ಸಲ ಹೊಡೆದು, ಬೆರಳಲ್ಲಿ ಹರಡಿ, ಬೋಟು ನಿಲ್ಲುವವರೆಗೆ ಹಾಗೇ ಬಿಡುತ್ತೇನೆ. ಇಳಿಯುವ ಮೊದಲು ಒಂದೇ ಒಂದು ಅದ್ದು. ಜಾಸ್ತಿ ತೊಳೆದರೆ ಎಲ್ಲ ಹೋಯಿತು. ಒಂಚೂರು ಉಳಿದರೂ ಕಣ್ಣಿಗೆ ಅಷ್ಟೇನೂ ಉರಿಯಿಲ್ಲ, ಮಕ್ಕಳ ಶಾಂಪೂ ಅಲ್ವಾ. ನೂರು ರೂಪಾಯಿಯ ಒಳಗಿನ ಬಾಟಲಿ ಇಡೀ ಸೀಸನ್ನಿಗೆ ಬರುತ್ತದೆ, ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಹೊತ್ತಿನ ಲೆಕ್ಕದಲ್ಲಿ ದುಬಾರಿ ಬಾಟಲಿಗಿಂತ ಸ್ವಲ್ಪ ಹಿಂದೆ. ನನ್ನ ಮುಳುಗಿಗೆ ಅಷ್ಟು ಸಾಕು. ದಿನಕ್ಕೆ ಮೂರು ನಾಲ್ಕು ಸಲ ಇಳಿಯುವವರಾದರೆ ದುಡ್ಡಿನದ್ದನ್ನೇ ಕೊಳ್ಳಿ, ಮುಚ್ಚಳಕ್ಕೆ ಟೇಪು ಸುತ್ತಿ.

ಯಾವುದನ್ನು ಹಚ್ಚಿದರೂ ಮಾಸ್ಕನ್ನು ಹಣೆಯ ಮೇಲೆ ಏರಿಸಿಕೊಂಡು ನಿಲ್ಲಬೇಡಿ. ನಮ್ಮ ಸೆಕೆಗೆ ಹಣೆಯ ಬೆವರೇ ಗಾಜನ್ನು ಮಬ್ಬು ಮಾಡುತ್ತದೆ. ಕುತ್ತಿಗೆಗೆ ಇಳಿಸಿಕೊಳ್ಳಿ. ಇನ್ನು ಉಸಿರಾಟದ ಕೊಳವೆಯಿರುವ, ಪೂರ್ತಿ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕ್, ಈಜು ಕನ್ನಡಕ ಇರುವವರು ಪೇಸ್ಟನ್ನು ಹತ್ತಿರವೂ ತರಬೇಡಿ. ಅವುಗಳದ್ದು ಪ್ಲಾಸ್ಟಿಕ್, ಗೀರು ಬೀಳುತ್ತದೆ. ಅವಕ್ಕೆ ಶಾಂಪೂ ಮಾತ್ರ, ಅದೂ ತಿಕ್ಕದೆ.